ಕಾಕಾನ ಎಡ ಹಿಮ್ಮಡಿ

ಅವನು ತೀರಿಕೊಂಡ ಸುದ್ದಿ ನನಗೆ ಮುಟ್ಟಲು ಹತ್ತೊಂಬತ್ತು ದಿನ ಹಿಡಿಯಿತು. ಈ ವಿಳಂಬದ ಸಂಗತಿ ಅವನಿಗೆ ತಿಳಿದಿದ್ದರೆ, ತಾನು ಸತ್ತದ್ದಕ್ಕಿಂತ ಅದಕ್ಕೇ ಹೆಚ್ಚು ನೊಂದುಕೊಳ್ಳುತ್ತಿದ್ದ. ಸುದ್ದಿ ತಂದವರು ಚಿತ್ತಾಪುರದ ಕಡೆಯ ನಮ್ಮ ನೆಂಟರು. ಬಂದು, ಸ್ನಾನ ಮಾಡಿ, ಉಂಡು, ಒಂದು ನಿದ್ದೆ ತೆಗೆದು, ಎದ್ದ ಮೇಲೆ ಅಡಿಕೆ ಕತ್ತರಿಸುತ್ತ, "ಅಂದಂಗ, ನಿಮ್ಮ ಟಪ್ಪಾ ಕಾಕಾ ಹೋದ ನೋಡ್ರಿ" ಎಂದರು. ಸುದ್ದಿಯನ್ನು ಹೀಗೆ ಅರ್ಧ ದಿನ ಹೊಟ್ಟೆಯಲ್ಲಿ ಇಟ್ಟುಕೊಂಡು ಕೂಡುವವರನ್ನು ಕಾಕಾ ಮನುಷ್ಯರ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ನಾನು ಕೇಳಿದ ಮೊದಲ ಪ್ರಶ್ನೆ, "ಕಡೀಕ ಕಾಲು ಹೆಂಗಿತ್ತು?" ಎಂದು. ನೆಂಟರು ನನ್ನನ್ನು ಒಂದು ತರಹ ನೋಡಿದರು. ಸತ್ತವನ ಕಾಲನ್ನು ವಿಚಾರಿಸುವ ರೂಢಿ ಅವರ ಮನೆತನದಲ್ಲಿ ಇರಲಿಲ್ಲವೆಂದು ಕಾಣುತ್ತದೆ. ಅವರಿಗಾಗಿ ಅಲ್ಲದಿದ್ದರೂ ನನ್ನ ಸಮಾಧಾನಕ್ಕಾಗಿ ಆ ಕಾಲಿನ ಬಗ್ಗೆ ನಾಲ್ಕು ಮಾತು ಬರೆದಿಡುತ್ತೇನೆ.

ನಿಜಾಮರ ರಾಜ್ಯಕ್ಕೆ ಭಾರತದ ಸೈನ್ಯ ಬಂದ ಆ ಪೊಲೀಸ್ ಆಕ್ಷನ್ ಆಗಿ ಎರಡು ಮೂರು ವರ್ಷಗಳಾಗಿದ್ದವು. ನಿಜಾಮರ ಕಾಲದ ಟಪ್ಪಾಖಾನೆ, ಅಂದರೆ ಅಂಚೆ ಕಚೇರಿ, ಹೋಗಿ ಭಾರತ ಸರ್ಕಾರದ ಟಪ್ಪಾಲು ಇಲಾಖೆ ಬಂದಿತ್ತು. ಬಂದಿತ್ತು ಎಂದರೆ ಬಾಗಿಲ ಮೇಲಿನ ಹಲಗೆ ಬಂದಿತ್ತು, ಒಳಗಿನ ಮೇಜು, ಮಸಿಕುಡಿಕೆ, ಗೋಡೆ ಗಡಿಯಾರ, ಮನುಷ್ಯರು ಎಲ್ಲ ಹಳೆಯವೇ. ಹೊಸದಾಗಿ ಬಂದದ್ದು ನಾನೊಬ್ಬನೇ. ಇಪ್ಪತ್ತೆರಡು ವರ್ಷದ ಗುಮಾಸ್ತ. ಚಿತ್ತಾಪುರಕ್ಕೂ ಸೇಡಮಿಗೂ ನಡುವೆ, ರೈಲು ಒಂದು ನಿಮಿಷ ನಿಂತು ಪಶ್ಚಾತ್ತಾಪದಿಂದೆಂಬಂತೆ ಹೊರಡುವ ಒಂದು ಊರು ನಮ್ಮದು. ಯಾವ ಊರೆಂದು ಹೇಳುವುದಿಲ್ಲ. ಮುಂದೆ ಬರುವ ಕುರ್ಚಿಯ ಪ್ರಕರಣದಲ್ಲಿ ಇಲಾಖೆಯ ಘನತೆಯ ಪ್ರಶ್ನೆ ಇದೆ.

ವಾಡಿ ಜಂಕ್ಷನ್ನಿನಿಂದ ಬೆಳಗಿನ ರೈಲಿನಲ್ಲಿ ಟಪ್ಪಾಲು ಚೀಲ ಬರುತ್ತಿತ್ತು. ಅದರೊಳಗಿನ ಚಿಂಚೋಳಿ ಕಡೆಯ ಕಾಗದಗಳನ್ನು ಬೇರೆ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಅರಗಿನ ಮುದ್ರೆ ಒತ್ತಿ ಕೊಟ್ಟರೆ ಕಾಕಾ ಅದನ್ನು ಹೆಗಲಿಗೆ ಹಾಕಿಕೊಂಡು ಓಡುತ್ತಿದ್ದ. ಎಂಟು ಮೈಲಿನ ಮೇಲೆ ಒಂದು ಹಳ್ಳಿಯಲ್ಲಿ ಇನ್ನೊಬ್ಬ ಓಟದವನ ಕೈಗೆ ಅದನ್ನು ಒಪ್ಪಿಸಿ, ಅವನು ತಂದ ಚೀಲವನ್ನು ಹೊತ್ತು ಮತ್ತೆ ಎಂಟು ಮೈಲು ಓಡಿ, ಸಂಜೆಯ ರೈಲಿಗೆ ಮುಟ್ಟಿಸಬೇಕು. ನಡುವೆ ಕಾಗಿಣಾ ನದಿ ಇದೆ. ಭಾನುವಾರ ಬಿಟ್ಟು ದಿನಾ ಇದೇ ಕೆಲಸ. ಈ ಕೆಲಸದವನನ್ನು ಮೊದಲು ಹರಕಾರ ಎನ್ನುತ್ತಿದ್ದರು, ಆಮೇಲೆ ರನ್ನರ್ ಎಂದರು. ದಾರಿ ಒಂದು ಗಜವೂ ಕಡಿಮೆಯಾಗಲಿಲ್ಲ.

ಹಾಜರಿ ಪಟ್ಟಿಯಲ್ಲಿ ಅವನಿಗೆ ಒಂದು ಹೆಸರಿತ್ತು. ಅದನ್ನು ಕೂಗಿದರೆ ಅವನು ತಿರುಗಿ ನೋಡುತ್ತಿರಲಿಲ್ಲ, ತನಗಲ್ಲ ಅಂದುಕೊಳ್ಳುತ್ತಿದ್ದ. ಸುತ್ತಲಿನ ಹಳ್ಳಿಗಳಿಗೆಲ್ಲ ಅವನು ಟಪ್ಪಾ ಕಾಕಾ. ನಲವತ್ತರ ಆಸುಪಾಸು, ಒಣಗಿದ ತೊಗರಿಕಟ್ಟಿಗೆಯಂಥ ಮೈ, ಸದಾ ಮುಂದಕ್ಕೆ ಬಾಗಿದ ಕತ್ತು. ದಂಡೋತಿಯಲ್ಲಿ ಹೊಳೆಯ ದಂಡೆಯ ಮೇಲೆ ಹುಟ್ಟಿದವನು. ಅಪ್ಪ, ಅಜ್ಜ ಎಲ್ಲ ಕಾಗಿಣೆಯಲ್ಲಿ ಮಂದಿಯನ್ನು ದಾಟಿಸುತ್ತಿದ್ದವರು. "ಅವರೂ ಮಂದಿ ಮಾಲ ಆಚೀ ದಂಡಿಗೆ ಮುಟ್ಟಸ್ತಿದ್ರು, ನಾನೂ ಅದೇ ಮಾಡ್ತೀನ್ರಿ ಬಾಬು. ನಂದು ದಂಡಿ ಸ್ವಲ್ಪ ದೂರ ಅದ, ಅಷ್ಟೇ" ಎನ್ನುತ್ತಿದ್ದ. ನಾನು ಅವನಿಗೆ ಬಾಬು, ಅವನು ನನಗೆ ಕಾಕಾ. ಅವನು ನನಗೆ 'ರಿ' ಹಚ್ಚುತ್ತಿದ್ದ, ನಾನು ಅವನಿಗೆ 'ನೀ' ಎನ್ನುತ್ತಿದ್ದೆ. ಅವನಿಗೆ ಓದಲು ಬರುತ್ತಿರಲಿಲ್ಲ. ಆದರೆ ಚೀಲವನ್ನು ಹೆಗಲಿಗೆ ಹಾಕಿ ಒಂದು ಸಲ ಕುಲುಕಿ, "ಚಿಂಚೋಳಿ ಕಡೆ ಈ ಸಲ ಮದುವಿ ಭಾಳ ಅದಾವ್ರಿ" ಎಂದು ಹೇಳಿಬಿಡುತ್ತಿದ್ದ. ಲಗ್ನಪತ್ರಿಕೆಯ ಕಾಗದ ದಪ್ಪ, ಅದರ ತೂಕವೇ ಬೇರೆ ಎಂಬುದು ಅವನ ಶಾಸ್ತ್ರ. ಎಣಿಸಿ ನೋಡಿದರೆ ಸರಿಯಾಗಿರುತ್ತಿತ್ತು.

ಓಡುವ ಮನುಷ್ಯನನ್ನು ಕಂಡರೆ ನಮ್ಮ ಕಡೆ ಜನ ಹೆದರುತ್ತಾರೆ. ಸುಮ್ಮನೆ ಯಾರು ಓಡುತ್ತಾರೆ? ಒಂದೋ ಯಾರೋ ಸತ್ತಿರಬೇಕು, ಇಲ್ಲ ಯಾರೋ ಬೆನ್ನು ಹತ್ತಿರಬೇಕು. ಆದ್ದರಿಂದಲೇ ಕಾಕಾನ ಕೈಯಲ್ಲಿ ಗೆಜ್ಜೆ ಕಟ್ಟಿದ ಒಂದು ಈಟಿ ಇರುತ್ತಿತ್ತು. ಗೆಜ್ಜೆ ಕೇಳಿದರೆ ಟಪ್ಪಾ ಹೊಂಟದ, ಮತ್ತೇನಿಲ್ಲ ಎಂದು ಊರು ನಿಶ್ಚಿಂತೆಯಿಂದ ಇರುತ್ತಿತ್ತು. ಪೊಲೀಸ್ ಆಕ್ಷನ್ ಆದಾಗ ಆಯುಧಗಳನ್ನೆಲ್ಲ ಒಪ್ಪಿಸಬೇಕೆಂದು ಡಂಗುರವಾಯಿತು. ಕಾಕಾ ನಿಯಮ ಪಾಲಿಸುವ ಮನುಷ್ಯ, ಈಟಿಯನ್ನು ಗೆಜ್ಜೆ ಸಮೇತ ಒಪ್ಪಿಸಿ ಬಂದ. ಮರುದಿನದಿಂದ ಬರಿಗೈಯಲ್ಲಿ, ಸದ್ದಿಲ್ಲದೆ ಓಡಿದ. ಆ ದಿನಗಳು ಎಂಥವೆಂದು ಅನುಭವಿಸಿದವರಿಗೆ ಗೊತ್ತು. ಅವನು ಒಂದು ಊರಿನ ಅಗಸಿ ಹೊಕ್ಕರೆ ಬಾಗಿಲುಗಳು ಮುಚ್ಚುತ್ತಿದ್ದವು, ಇನ್ನೊಂದು ಊರಿನಲ್ಲಿ ಮಂದಿಯೆಲ್ಲ ಹಿಂದಿನ ದಾರಿಯಿಂದ ಜೋಳದ ಹೊಲ ಸೇರಿದರಂತೆ. "ನಾ ಹೋದಲ್ಲೆಲ್ಲ ಊರ ಖಾಲಿ ಆಗಾಕತ್ತಾವ್ರಿ, ಟಪ್ಪಾ ಯಾರಿಗಿ ಕೊಡ್ಲಿ?" ಎಂದು ಅವನು ಕಚೇರಿಗೆ ಬಂದು ವರದಿ ಮಾಡಿದನಂತೆ. ಆಮೇಲೆ ಪತ್ರವ್ಯವಹಾರ ನಡೆದು, ಗೆಜ್ಜೆಗಳಿಂದ ರಾಜ್ಯಕ್ಕೆ ಅಪಾಯವಿಲ್ಲವೆಂದು ತೀರ್ಮಾನವಾಗಿ ಅವು ಹಿಂದಕ್ಕೆ ಬಂದವು. ಈಟಿ ಅಲ್ಲೇ ಉಳಿಯಿತು. ಗೆಜ್ಜೆಯನ್ನು ಅವನು ಒಂದು ಬಡಿಗೆಗೆ ಕಟ್ಟಿಕೊಂಡ.

ಇಷ್ಟು ಮುನ್ನುಡಿ. ಈಗ ಹಿಮ್ಮಡಿ.

ಹೊಸ ಇಲಾಖೆಯಲ್ಲಿ ಅವನು ಹಂಗಾಮಿ ನೌಕರ. ಹದಿನೆಂಟು ವರ್ಷ ಓಡಿದ್ದರೂ ಹಳೆಯ ಸರ್ಕಾರದ ಓಟ ಹೊಸ ಸರ್ಕಾರದ ಲೆಕ್ಕಕ್ಕೆ ಇನ್ನೂ ಬಂದಿರಲಿಲ್ಲ. ಹಂಗಾಮಿ ಎಂದರೆ ಏನೆಂದು ಈಗಿನವರಿಗೆ ಹೇಳಬೇಕು: ಅವನಿಗೆ ರಜೆ ಇಲ್ಲ. ಒಂದು ದಿನ ಬರದಿದ್ದರೆ ಮರುದಿನ ಬರಬೇಕಾದದ್ದಿಲ್ಲ. ಅದೇ ಹೊತ್ತಿಗೆ ಒಬ್ಬ ಮೋಟಾರಿನ ಮಾಲಕ, ಚಿಂಚೋಳಿಯ ಟಪ್ಪಾಲನ್ನು ತನ್ನ ಬಸ್ಸಿನಲ್ಲೇ ಒಯ್ಯುತ್ತೇನೆಂದು ಅರ್ಜಿ ಹಾಕಿದ್ದ. ಮೇಲಿನಿಂದ ಕಾಗದ ಬಂತು: ಒಂದು ವಾರ ಈ ಓಟಗಾರನ ಹೊರಟ ವೇಳೆ, ಮುಟ್ಟಿದ ವೇಳೆ ಬರೆದಿಡಿ, ಶನಿವಾರ ಇನ್‌ಸ್ಪೆಕ್ಟರ್ ಸ್ವತಃ ಬಂದು ನೋಡುತ್ತಾರೆ, ಮೈಕಟ್ಟು ಗಟ್ಟಿ, ವೇಳೆ ಸರಿ ಎಂದು ಕಂಡರೆ ಕಾಯಂ. ಇಲ್ಲವಾದರೆ ಮೋಟಾರು.

ಕಾಗದವನ್ನು ನಾನೇ ಓದಿ ಹೇಳಿದೆ. ಕಾಕಾ ನಿಂತೇ ಕೇಳಿದ, "ಆಗಲ್ರಿ" ಎಂದು ಹೋದ. ಸೋಮವಾರ ಸಂಜೆ ಅವನು ತಿರುಗಿ ಬರುವಾಗ ನಾನು ಕಟ್ಟೆಯ ಮೇಲೆ ನಿಂತಿದ್ದೆ. ಗೆಜ್ಜೆಯ ಸದ್ದು ದೂರದಿಂದ ಕೇಳಿತು. ದಿನವೂ ಕೇಳುವ ಸದ್ದೇ, ಆದರೆ ಅದರಲ್ಲಿ ಏನೋ ಕೆಟ್ಟಿತ್ತು. ಛಲ್, ಛಲ್ ಎಂದು ಸಮನಾಗಿ ಬರುವ ಬದಲು ಒಂದು ಉದ್ದ, ಒಂದು ಗಿಡ್ಡ. ಯಾರೋ ಹೊಸದಾಗಿ ತಾಳ ಕಲಿಯುವವರ ಹಾಗೆ.

"ಕಾಕಾ, ಕಾಲಿಗಿ ಏನಾಗ್ಯಾದ?"

"ಏನಿಲ್ರಿ."

"ಗೆಜ್ಜಿ ಬ್ಯಾರೆ ಹೇಳಾಕತ್ತಾವಲ್ಲ."

ಅವನು ಗೆಜ್ಜೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಅತ್ತಿತ್ತ ನೋಡಿದ. "ಎಡಗಾಲ ಹಿಂಬಡ ಬ್ಯಾನಿ ಮಾಡ್ತದ್ರಿ ಬಾಬು. ಇಪ್ಪತ್ತು ದಿವಸ ಆತು. ಪೋಸ್ಟ್‌ಮಾಸ್ತರ ಸಾಹೇಬರ ಮುಂದ ಅನಬ್ಯಾಡ್ರಿ."

ಅಲ್ಲಿಂದ ನನಗೆ ಆ ಹಿಮ್ಮಡಿಯ ಬಗ್ಗೆ ಹತ್ತಿದ ಕುತೂಹಲ ಯಾವ ಶಾಸ್ತ್ರದ ಬಗ್ಗೆಯೂ ಎಂದೂ ಹತ್ತಿಲ್ಲ. ಮುಳ್ಳು ನಟ್ಟಿರಲಿಲ್ಲ, ಬಾತಿರಲಿಲ್ಲ, ಹೊರಗೆ ನೋಡಿದರೆ ನನ್ನ ನಿಮ್ಮ ಹಿಮ್ಮಡಿಯ ಹಾಗೇ ಇತ್ತು. ಆದರೆ ಕಾಕಾ ಹೇಳಿದ ಒಂದು ಮಾತು ವಿಚಿತ್ರವಾಗಿತ್ತು. ಓಡುವಾಗ ನೋವಿಲ್ಲ! ಕುಳಿತು ಎದ್ದರೆ ನೋವು. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆಗೆ ಯಾರೋ ಕಾದ ದಬ್ಬಣ ಚುಚ್ಚಿದ ಹಾಗೆ. ನೂರು ಹೆಜ್ಜೆ ಹಾಕಿದ ಮೇಲೆ ಕಡಿಮೆ. ಅರ್ಧ ಮೈಲು ಓಡಿದರೆ ಇಲ್ಲವೇ ಇಲ್ಲ. ಆಮೇಲೆ ಎಲ್ಲಾದರೂ ಎರಡು ಗಳಿಗೆ ಕುಳಿತನೋ, ಮತ್ತೆ ಮೊದಲಿನಿಂದ ಶುರು. ಸೋಮವಾರ ಆಗಿದ್ದೂ ಅದೇ. ತಿರುಗಿ ಬರುವಾಗ ಊರ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು, ಇವನು ಕಲ್ಲಿನ ಮೇಲೆ ಕುಳಿತ, ಏಳುವಾಗ ಹಿಮ್ಮಡಿ ಹಿಡಿಯಿತು.

"ಅಂದ್ರ ನೀ ಕುಂದ್ರಲೇ ಬಾರದು" ಎಂದೆ.

"ಹೌದ್ರಿ. ಕುಂದ್ರದಿದ್ರ ಆತು. ಎಷ್ಟು ದಿವಸ? ಶನಿವಾರದ ತನಕ ಹೌದಿಲ್ಲೋ?"

ಹೀಗೆ ಆ ವಾರ ಕಾಕಾ ಕುಳಿತುಕೊಳ್ಳುವುದನ್ನು ತ್ಯಜಿಸಿದ. ಸನ್ಯಾಸಿಗಳು ಏನೇನೋ ಬಿಟ್ಟದ್ದನ್ನು ಕೇಳಿದ್ದೇವೆ. ಇದನ್ನು ಬಿಟ್ಟವನು ನನಗೆ ಗೊತ್ತಿರುವಂತೆ ಇವನೊಬ್ಬನೇ. ಬೆಳಗಿನ ಜಾವ ಎದ್ದು, ಮೊದಲ ನೂರು ಹೆಜ್ಜೆಯ ನರಕವನ್ನು ಮನೆಯೊಳಗೇ ಯಾರೂ ಕಾಣದ ಹಾಗೆ ಮುಗಿಸಿ, ಅಂಗಳದಲ್ಲಿ ತಿರುಗುತ್ತಿದ್ದ. ರೊಟ್ಟಿಯನ್ನು ಅಂಗೈಯಲ್ಲಿ ಹಿಡಿದು ಪಲ್ಯೆಯನ್ನು ಅದರ ಮೇಲೇ ಹಾಕಿಸಿಕೊಂಡು ನಿಂತು ತಿನ್ನುತ್ತಿದ್ದ. ಕಚೇರಿಗೆ ಬಂದರೆ ಚೀಲ ತಯಾರಾಗುವ ತನಕ ಬಾವಿಗೂ ಬಾಗಿಲಿಗೂ ನಡುವೆ ನಡೆಯುತ್ತಿದ್ದ. ಹಿಂದೆಂದೂ ಮಾಡದ ಕೆಲಸವನ್ನೆಲ್ಲ ಮಾಡಿದ. ಕಚೇರಿ ಗುಡಿಸಿದ, ಮಸಿ ಕಲಸಿದ, ಪೋಸ್ಟ್‌ಮಾಸ್ತರರ ಕೊಡೆಯ ಜೇಡ ತೆಗೆದ. ಪೋಸ್ಟ್‌ಮಾಸ್ತರರು ಮೂವತ್ತು ವರ್ಷ ಉರ್ದುವಿನಲ್ಲಿ ಬರೆದು ಈಗ ಇಂಗ್ಲಿಷಿನಲ್ಲಿ ಸಹಿ ಮಾಡಲು ಕಲಿಯುತ್ತಿದ್ದ ಸಾತ್ವಿಕರು. "ನೋಡ್ರಿ, ಕಾಯಂ ಆಗತೀನಂದ ಕೂಡಲೇ ಮನಿಷ್ಯಾಗ ಅದಬ್ ಮರ್ಯಾದಿ ಬಂತು. ನನ್ನ ಮುಂದ ಕುಂದ್ರಂಗೇ ಇಲ್ಲ ಈಗ" ಎಂದು ಸಂತೋಷಪಟ್ಟರು. ನಾನು ಮುದ್ರೆ ಒತ್ತುತ್ತಿದ್ದೆ, ತಲೆ ಎತ್ತಲಿಲ್ಲ.

ಓಡುವ ರೀತಿಯನ್ನೂ ಅವನು ಬದಲಿಸಿದ. ನಾನು ಕೆದಕಿ ಕೆದಕಿ ಕೇಳಿ ತಿಳಿದುಕೊಂಡದ್ದು. ಖಡಿಕಲ್ಲು ಹಾಕಿದ ರಸ್ತೆ ಬಿಟ್ಟು ಅಂಚಿನ ಕರಿಮಣ್ಣಿನ ಮೇಲೆ ಓಡುವುದು. ಹೆಜ್ಜೆ ಗಿಡ್ಡ, ಮುಂಗಾಲ ಮೇಲೆ ಭಾರ. ಕಾಗಿಣೆ ಬಂದಾಗ ಮೊಳಕಾಲುದ್ದದ ನೀರಿನಲ್ಲಿ ನಿಂತು ಅರವತ್ತು ಉಸಿರು ಎಣಿಸುವುದು. ಚಳಿಗಾಲದ ನೀರು, ಹಿಮ್ಮಡಿ ಮರಗಟ್ಟಿ ತನಗೆ ನೋವಿದೆ ಎಂಬುದನ್ನೇ ಮರೆಯುತ್ತಿತ್ತಂತೆ. ಅರವತ್ತೇ ಏಕೆ ಎಂದು ಕೇಳಿದೆ. "ಅದರಕಿಂತ ಜಾಸ್ತಿ ನಿಂತ್ರ ಟಪ್ಪಾ ತಡ ಆಗ್ತದ್ರಿ, ಕಮ್ಮಿ ನಿಂತ್ರ ಹಿಂಬಡ ಒಪ್ಪಂಗಿಲ್ಲ" ಎಂದ. ಇಬ್ಬರು ಅಧಿಕಾರಿಗಳ ನಡುವೆ ಕಡತ ಒಯ್ಯುವವನಂತೆ ಮಾತಾಡುತ್ತಿದ್ದ.

ರಹಸ್ಯ ಮಾತ್ರ ರಹಸ್ಯವಾಗಿ ಉಳಿದಿರಲಿಲ್ಲ. ಹದಿನೆಂಟು ವರ್ಷ ಆ ಗೆಜ್ಜೆ ಕೇಳಿ ಅಡಿಗೆಗೆ ಇಟ್ಟವರು, ದನ ಬಿಟ್ಟವರು ದಾರಿಯುದ್ದಕ್ಕೂ ಇದ್ದರು. ನನಗೆ ಕೇಳಿಸಿದ್ದು ಅವರಿಗೆ ಕೇಳಿಸದೆ ಇರುತ್ತದೆಯೇ? ಒಂದು ಊರಲ್ಲಿ ಎಕ್ಕೆ ಎಲೆ ಕೊಟ್ಟರು, ಇನ್ನೊಂದರಲ್ಲಿ ಔಡಲೆಣ್ಣೆ. ಒಬ್ಬ ಮುದುಕಿ ದಾರಿಗೆ ಅಡ್ಡ ನಿಂತು, "ಮೋಟಾರದವನಿಗಿ ದಾರಿ ಬಿಟ್ಟೀಯೋ ಮತ್ತ! ಅವನ ಗಾಡ್ಯಾಗ ನನ್ನ ಮಗನ ಕಾಗದ ಬರೋದು ಬ್ಯಾಡ ನನಗ" ಎಂದು ಗದರಿಸಿದಳಂತೆ. ಕಾಕಾ ಅವಳಿಗೆ, "ಮೋಟಾರಿಗೂ ಹಿಂಬಡ ಬ್ಯಾನಿ ಬರ್ತದಬೇ, ಆದ್ರ ಅದು ನಿಂತಬಿಡ್ತದ" ಎಂದು ಹೇಳಿ ಓಡಿದ.

ಬುಧವಾರ ಬೆಳಿಗ್ಗೆ ಅವನ ಮನೆಯಲ್ಲಿ ಒಂದು ಸ್ಫೋಟವಾಯಿತು. ಎಕ್ಕೆ ಎಲೆಗೆ ಎಣ್ಣೆ ಸವರಿ, ಕಾಯಿಸಿದ ಇಟ್ಟಿಗೆಯ ಮೇಲಿಟ್ಟು, ಅದರ ಮೇಲೆ ಹಿಮ್ಮಡಿ ಊರಬೇಕೆಂಬುದು ಎಲ್ಲರಿಗೂ ಗೊತ್ತಿರುವ ಮದ್ದು. ಆದರೆ ನಮ್ಮ ಊರಲ್ಲಿ ಇಟ್ಟಿಗೆ ಎಲ್ಲಿಂದ ತರಬೇಕು? ನೆಲ, ಗೋಡೆ, ಮಾಳಿಗೆ, ಕಟ್ಟೆ ಎಲ್ಲವೂ ಪರ್ಸಿ, ಅಂದರೆ ಶಹಾಬಾದಿನ ಹಾಸುಗಲ್ಲು. ಕಾಕಾನ ಹೆಂಡತಿ ಶಹಾಬಾದಿನವಳು. ತವರಿನವರು ಅದೇ ಗಣಿಯಲ್ಲಿ ಕಲ್ಲು ಎಬ್ಬಿಸುವವರು. ತವರಿನ ಕಲ್ಲಿನಿಂದ ಆಗದ ಕೆಲಸ ಇಟ್ಟಿಗೆಯಿಂದ ಆಗುತ್ತದೆಂದರೆ ಅವಳು ಒಪ್ಪುವ ಪೈಕಿ ಅಲ್ಲ. ಒಂದು ಪರ್ಸಿ ತುಂಡನ್ನು ಒಲೆಗೆ ಹಾಕಿದಳು. ಅದು ಕೆಂಪಗಾಗುವ ಮೊದಲೇ ಗುಂಡು ಹಾರಿದಂತೆ ಸಿಡಿದು ಪದರು ಪದರಾಗಿ ಮನೆ ತುಂಬ ಹಾರಿತು. ಆ ವರ್ಷಗಳಲ್ಲಿ ಅಂಥ ಸದ್ದಿಗೆ ಏನಾಗಬೇಕೋ ಅದೇ ಆಯಿತು. ಓಣಿಯ ಬಾಗಿಲುಗಳೆಲ್ಲ ಒಂದೇ ಸಲಕ್ಕೆ ಮುಚ್ಚಿದವು. ಸ್ವಲ್ಪ ಹೊತ್ತಿನ ಮೇಲೆ ನಾನು ಹೋಗಿ ನೋಡಿದರೆ ಕಾಕಾ ಅಂಗಳದಲ್ಲಿ ಎಂದಿನಂತೆ ತಿರುಗುತ್ತಿದ್ದ.

"ನಿಮ್ಮ ಕಾಕಾನ ಹಿಂಬಡದಾಗ ಏನೋ ಅದ, ಅದಕ್ಕೇ ಕಲ್ಲ ಸಿಡೀತು" ಎಂದಳು ಅವಳು. "ನಮ್ಮ ಕಲ್ಲಿಂದು ಏನೂ ತಪ್ಪಿಲ್ಲ."

"ಖರೆ ಅದ" ಎಂದ ಕಾಕಾ. "ಅವರಪ್ಪ ಕೊಟ್ಟಿದ್ದು ಯಾವುದೂ ತಪ್ಪ ಇರಂಗಿಲ್ಲ ಬಾಬು. ಒಂದೊಂದು ಸಲ ಸಿಡೀತದ, ಅಷ್ಟೇ."

ಅವಳು ರೊಟ್ಟಿಯನ್ನು ಅವನ ಅಂಗೈಗೆ ಇಡಲಿಲ್ಲ, ಎಸೆದಳು. ಅವನು ನಡೆಯುತ್ತಲೇ ಹಿಡಿದ.

ಅಂದು ಅವನ ಒಂದು ಜೊತೆ ಹಳೆಯ ಚಪ್ಪಲಿಯನ್ನು ರೈಲಿನ ಗಾರ್ಡಿನ ಕೈಯಲ್ಲಿ ವಾಡಿಗೆ ಕಳಿಸಿದೆವು. ಅಲ್ಲಿ ಚಪ್ಪಲಿ ಹೊಲಿಯುವವನೊಬ್ಬನಿಗೆ ಕಾಕಾನ ಅಪ್ಪಣೆ: ಎಡಗಾಲಿನದಕ್ಕೆ ಹಿಮ್ಮಡಿಯ ಕೆಳಗೆ ದುಂಡಗೆ ತೂತು ಕೊಯ್ಯಬೇಕು. ನೋವಿನ ಜಾಗಕ್ಕೆ ಯಾವುದೂ ತಾಗದಿದ್ದರೆ ನೋವು ತನ್ನ ಪಾಡಿಗೆ ತಾನು ಇರುತ್ತದೆಂಬುದು ಅವನ ಸಿದ್ಧಾಂತ. ಸಿದ್ಧಾಂತ ಚೆನ್ನಾಗಿಯೇ ಇತ್ತು. ಗುರುವಾರ ಅದನ್ನು ಮೆಟ್ಟಿಕೊಂಡು ಓಡಿದರೆ ದಾರಿಯ ಹರಳುಗಳೆಲ್ಲ ಆ ತೂತಿನಿಂದ ಒಳಗೆ ಬಂದು ನೆಲೆಸಿದವು. ಎರಡು ಮೈಲಿಗೊಮ್ಮೆ ನಿಂತು, ಕೂಡದೆ, ಒಂಟಿಕಾಲಿನ ಕೊಕ್ಕರೆಯಂತೆ ಚಪ್ಪಲಿ ಝಾಡಿಸಿ ಓಡಬೇಕಾಯಿತು. ಸಂಜೆ ಅವನು ಬಂದಾಗ ಹನ್ನೆರಡು ನಿಮಿಷ ತಡ. ಹದಿನೈದು ನಿಮಿಷದ ತನಕ ಕ್ಷಮೆ ಇತ್ತು. ಆದರೂ ಪುಸ್ತಕದಲ್ಲಿ ಹನ್ನೆರಡು ಎಂದು ಬರೆಯಲು ನನ್ನ ಕೈ ಏಳಲಿಲ್ಲ. ಪೋಸ್ಟ್‌ಮಾಸ್ತರರು ಹಿತ್ತಲಿಗೆ ಹೋಗಿದ್ದರು. ನಾನು ಸ್ಟೂಲಿನ ಮೇಲೆ ಹತ್ತಿ ಗಡಿಯಾರದ ಗಾಜಿನ ಬಾಗಿಲು ತೆಗೆದೆ.

"ಏನ್ ಮಾಡಾಕತ್ತೀರಿ?"

"ಸ್ವಲ್ಪ ಮುಂದ ಹೋಗ್ಯಾದ ಇದು. ಹಿಂದ ಸರಸ್ತೀನಿ."

"ಇಳೀರಿ" ಎಂದ ಕಾಕಾ. ಮೊದಲ ಸಲ ಅವನ ದನಿಯಲ್ಲಿ ನನಗಿಂತ ಹಿರಿಯನೊಬ್ಬ ಕೇಳಿಸಿದ. "ಇದನ್ನ ಸರಸ್ತೀರಿ, ರೈಲಿನ ಗಡಿಯಾರ ಯಾರು ಸರಸಬೇಕು? ಹನ್ನೆರಡು ಅಂತ ಬರೀರಿ. ಹಿಂಬಡದ ಮಾತು ಬರೀರಿ ಅಂತ ಯಾರೂ ಕೇಳಿಲ್ಲ, ಬರೀಬ್ಯಾಡ್ರಿ. ವ್ಯಾಳ್ಯಾ ಬರೀರಿ ಅಂದಾರ, ಖರೆ ಬರೀರಿ."

ಇಳಿದೆ. ಬರೆದೆ. ಕೇಳಿದ್ದಕ್ಕೆ ಸುಳ್ಳು ಹೇಳಬಾರದು, ಕೇಳದ್ದನ್ನು ಹೇಳಬೇಕಾಗಿಲ್ಲ. ನನ್ನ ಮುಂದಿನ ಮೂವತ್ತೈದು ವರ್ಷದ ಸರ್ಕಾರಿ ನೌಕರಿ ಈ ಒಂದು ಸೂತ್ರದ ಮೇಲೆ ನಡೆಯಿತು ಎಂದು ಈಗ ಒಪ್ಪಿಕೊಳ್ಳಬಹುದು. ಶುಕ್ರವಾರ ತೂತಿಗೆ ಕಂಬಳಿಯ ಚೂರು ತುರುಕಿಕೊಂಡು ಓಡಿದ. ಗೆಜ್ಜೆ ಹೆಚ್ಚುಕಡಿಮೆ ಸಮನಾಗಿ ಬಂತು, ನಾಲ್ಕು ನಿಮಿಷ ಮುಂಚೆ.

ಉಳಿದದ್ದು ಶನಿವಾರ.

ಇನ್‌ಸ್ಪೆಕ್ಟರ್ ಸಾಹೇಬರು ಧಾರವಾಡದ ಕಡೆಯವರು. ಖಾದಿಯ ಕೋಟು, ಖಾದಿಯ ಟೊಪ್ಪಿಗೆ, ಬಹಳ ಒಳ್ಳೆಯ ಮನುಷ್ಯರು. ನಮ್ಮ ಸೀಮೆಯ ಜನರನ್ನು ಕಂಡರೆ ಅವರಿಗೆ ಕರುಣೆ ಉಕ್ಕುತ್ತಿತ್ತು. ಟಪ್ಪಾಲು ಚೀಲ ಬಂದ ಬೆಳಗಿನ ರೈಲಿನಲ್ಲೇ ಇಳಿದರು. ಚೀಲ ತಯಾರಾಗಲು ಒಂದು ತಾಸು ಬೇಕು. ಆಮೇಲೆ ಕಾಕಾ ಹೊರಡುವುದನ್ನು ಕಣ್ಣಾರೆ ಕಂಡು, ಸೈಕಲ್ ಮೇಲೆ ಒಂದಷ್ಟು ದೂರ ಜೊತೆಗೇ ಹೋಗಿ ನೋಡುವುದೆಂದು ಅವರ ಏರ್ಪಾಡು. ಕಾಕಾ ಜಾವದಿಂದ ನಡೆದು ಹಿಮ್ಮಡಿಯನ್ನು ಹದಕ್ಕೆ ತಂದಿಟ್ಟಿದ್ದ. ಇನ್ನೊಂದು ತಾಸು ಬಾವಿಗೂ ಬಾಗಿಲಿಗೂ ತಿರುಗಿದರೆ ಆಯಿತು. ಸಾಹೇಬರು ವಾರದ ಪುಸ್ತಕ ನೋಡಿದರು, ತಲೆದೂಗಿದರು, "ಎಲ್ಲಿ ಅವ? ಒಳಗ ಕರೀರಿ" ಎಂದರು.

ಕಾಕಾ ಒಳಗೆ ಬಂದು ಕೈಮುಗಿದು ನಿಂತ.

"ಕೂಡ್ರು."

"ಇರಲ್ರಿ ಸಾಹೇಬ್ರ, ನಿಂತೇ ಹೇಳ್ತೀನಿ."

"ಕೂಡ್ರಪಾ. ಅಂಜಬ್ಯಾಡ."

"ಅಂಜಿಕಿ ಇಲ್ರಿ. ರೂಢಿ ಇಲ್ಲ."

ಆ 'ರೂಢಿ ಇಲ್ಲ' ಎಂಬ ಮಾತು ಸಾಹೇಬರ ಎದೆಗೆ ನೇರವಾಗಿ ತಾಗಿತು. ಅವರು ಕನ್ನಡಕ ತೆಗೆದು ಪೋಸ್ಟ್‌ಮಾಸ್ತರರ ಕಡೆ ತಿರುಗಿದರು. "ಕೇಳಿದ್ರ್ಯಾ? ಎಷ್ಟು ವರ್ಷ ತುಳದಾರ ಈ ಜನರನ್ನ! ಕುರ್ಚಿ ಮ್ಯಾಲೆ ಕೂಡ್ರಲಿಕ್ಕೆ ಇವಗ ಧೈರ್ಯ ಇಲ್ಲ. ಈಗ ಪ್ರಜಾರಾಜ್ಯ ಬಂದದ, ನೀನೂ ಒಂದೇ, ನಾನೂ ಒಂದೇ. ನೀ ಕೂಡ್ರೋತನಕ ನಾನೂ ಕೂಡ್ರೂದಿಲ್ಲ." ಎದ್ದು ನಿಂತುಬಿಟ್ಟರು.

ಕಚೇರಿಯಲ್ಲಿ ಇದ್ದದ್ದು ಎರಡೇ ಕುರ್ಚಿ. ಒಂದು ಸಾಹೇಬರದು, ಇನ್ನೊಂದರಲ್ಲಿ ಪೋಸ್ಟ್‌ಮಾಸ್ತರರು. ಮೂವತ್ತು ವರ್ಷದಲ್ಲಿ ಆ ಕುರ್ಚಿಯಿಂದ ಅವರನ್ನು ಎಬ್ಬಿಸಿದ್ದು ಪ್ರಜಾರಾಜ್ಯವೊಂದೇ. ಅವರು ಎದ್ದು, ಕುರ್ಚಿಯನ್ನು ತಮ್ಮ ಪಂಚೆಯ ತುದಿಯಿಂದ ಒರೆಸಿ, ಕಾಕಾನ ಕಡೆ ಸರಿಸಿ ಗೋಡೆಗೆ ಒರಗಿ ನಿಂತರು. ಕಾಕಾ ನನ್ನ ಮುಖ ನೋಡಿದ. ನಾನು ಅರಗಿನ ಮುಖ ನೋಡಿದೆ. ಅವನು ಕುಳಿತ.

ಆಮೇಲಿನ ಮುಕ್ಕಾಲು ತಾಸು ಸಾಹೇಬರು ಮಾತಾಡಿದರು. ಮನುಷ್ಯನ ಸಮಾನತೆ, ಮತದಾನ, ನೌಕರನ ಸ್ವಾಭಿಮಾನ. ಎಲ್ಲವೂ ನಿಜವಾದ, ಒಳ್ಳೆಯ ಮಾತುಗಳು. ಕಾಕಾ "ಹೌದ್ರಿ, ಹೌದ್ರಿ" ಎನ್ನುತ್ತಿದ್ದ. ನಾನು ನೋಡುತ್ತಿದ್ದದ್ದು ಮೇಜಿನ ಕೆಳಗೆ. ಎಡಗಾಲು ಒಂದು ಕ್ಷಣ ಸುಮ್ಮನಿರಲಿಲ್ಲ. ಬೆರಳುಗಳು ನೆಲದ ಪರ್ಸಿಯನ್ನು ಹಿಡಿಯುತ್ತಿದ್ದವು, ಬಿಡುತ್ತಿದ್ದವು. ಪಾದ ಏಳುತ್ತಿತ್ತು, ಇಳಿಯುತ್ತಿತ್ತು. ಮೇಲೆ ಪೂರ್ತಿ ಶಾಂತಿ, ಕೆಳಗೆ ಒಂದು ಕಾರಖಾನೆ. ಚಹಾ ಬಂತು. ಅವನನ್ನು ಬಿಡಿಸಲು ನಾನೊಂದು ಉಪಾಯ ಮಾಡಿದೆ. "ಸಾಹೇಬ್ರ, ಚೀಲದ ಬಾಯಿ ಕಟ್ಟಬೇಕ್ರಿ, ಕಾಕಾ ಒಂದೀಟು ಎದ್ದು ಹಿಡದ್ರ..."

"ನೀವು ಕಟ್ಟ್ರಿ!" ಎಂದರು ಸಾಹೇಬರು. "ಅವ ಕೂತಾನ. ಕೂತವನ್ನ ಎಬ್ಬಸೂದು ಇನ್ನ ಸಾಕು. ಇನ್ನೊಂದು ಕಪ್ ತರಸ್ರಿ ಅವಗ."

ವೇಳೆಯಾಯಿತು. ಚೀಲವನ್ನು ಮೇಜಿನ ಮೇಲಿಟ್ಟೆ. ಕಾಕಾ ಎದ್ದ. ಎಡಗಾಲನ್ನು ನೆಲಕ್ಕೆ ಊರಿದ. ಅವನ ಮುಖ ನೋಡಲಾರದೆ ನಾನು ಗಡಿಯಾರ ನೋಡಿದೆ. ಒಂದು ಹೆಜ್ಜೆ, ಎರಡನೆಯದಕ್ಕೆ ಮೇಜಿನ ಅಂಚು ಹಿಡಿದ. ಚಹಾದ ಬಟ್ಟಲು ಉರುಳಿತು.

"ಯಾಕ? ಕಾಲಿಗೆ ಏನಾಗೇದ?" ಸಾಹೇಬರು ಕೇಳಿಯೇ ಬಿಟ್ಟರು.

ಕೇಳಿದ್ದಕ್ಕೆ ಸುಳ್ಳು ಹೇಳಬಾರದು. ಹದಿನೆಂಟು ವರ್ಷ, ಒಂದು ಮೋಟಾರು, ನಡುವೆ ಅರ್ಧ ಉಸಿರಿನ ಹೊತ್ತು.

"ಜೋಮು ಹಿಡದದ್ರಿ ಸಾಹೇಬ್ರ. ಕುರ್ಚಿ ರೂಢಿ ಇಲ್ಲ ನೋಡ್ರಿ."

ಸಾಹೇಬರ ಕಣ್ಣು ತುಂಬಿ ಬಂತು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಚೀಲವನ್ನು ಅವರೇ ಎತ್ತಿ ಅವನ ಹೆಗಲಿಗೆ ಹಾಕಿದರು. ಕಾಕಾ ಅಗಸಿಯ ತನಕ ಕುಂಟುತ್ತ ಹೋದ, ಹಿಂದೆ ಸೈಕಲ್ ಮೇಲೆ ಸಾಹೇಬರು. ಒಂದು ಮೈಲಿನ ನಂತರ ಅವರು ತಿರುಗಿ ಬಂದು ವಿಜಯದ ನಗೆಯಿಂದ, "ನೋಡ್ರಿ, ಅರ್ಧ ಮೈಲಿಗೆ ಜೋಮು ಬಿಟ್ಟತು. ಜಿಂಕಿ ಓಡಿದಂಗ ಓಡ್ತಾನ!" ಎಂದರು. ಅಲ್ಲೇ ಕುಳಿತು ಶಿಫಾರಸು ಬರೆದರು. ಕೊನೆಗೆ ಒಂದು ಮೌಖಿಕ ಆಜ್ಞೆ: "ದಿನಾ ಒಂದು ತಾಸು ಅವನ್ನ ಕುರ್ಚಿ ಮ್ಯಾಲೆ ಕೂಡ್ರಸ್ರಿ. ರೂಢಿ ಆಗಲಿ."

ಸಂಜೆ ಅವನು ವೇಳೆಗೆ ಸರಿಯಾಗಿ ಬಂದ. ನಾನು ಸಂತೋಷದಿಂದ ಶಿಫಾರಸಿನ ಮಾತು ಹೇಳಿದರೆ ಅವನ ಮುಖ ಅರಳಲಿಲ್ಲ. "ಸುಳ್ಳ ಹೇಳಿದೆ ಬಾಬು" ಎಂದ. "ಅದೂ ಅಂಥಾ ಮನಿಷ್ಯಾಗ. ಕೆಟ್ಟವ ಇದ್ದಿದ್ರ ಇಷ್ಟು ಅನಸ್ತಿದ್ದಿಲ್ಲ."

ಕಾಯಂ ಮಾಡಿದ ಹುಕುಮು ಬರಲು ಎರಡು ತಿಂಗಳು ಬೇಕಾಯಿತು. ಆ ಎರಡು ತಿಂಗಳೂ ಅವನು ಅದೇ ಹಿಮ್ಮಡಿಯ ಮೇಲೆ, ಅದೇ ಕಂಬಳಿಯ ಚೂರಿನ ಮೇಲೆ ಓಡಿದ. ಸಾಲದ್ದಕ್ಕೆ ಬಜಾರಿನಲ್ಲಿ ನಡೆಯುವಾಗ ಮೋಟಾರಿನ ಮಾಲಕನ ಮಂದಿ ನೋಡಿಯಾರೆಂದು ಹಲ್ಲು ಕಚ್ಚಿ ನೆಟ್ಟಗೆ ನಡೆದ. ಸಾಹೇಬರ ಆಜ್ಞೆಯನ್ನು ಮೀರುವುದು ಪೋಸ್ಟ್‌ಮಾಸ್ತರರಿಂದ ಆಗದ ಮಾತು. ಕೊನೆಗೆ ನಾನು ಅವರಿಗೆ ಎಲ್ಲ ಹೇಳಿಬಿಟ್ಟೆ. ಅವರು ಬಹಳ ಹೊತ್ತು ಯೋಚಿಸಿ ಒಂದು ಮಧ್ಯಮ ಮಾರ್ಗ ಕಂಡುಹಿಡಿದರು: ದಿನಾ ಒಂದು ತಾಸು ಕಾಕಾನ ರುಮಾಲನ್ನು ಕುರ್ಚಿಯ ಮೇಲೆ ಇಡುವುದು. ಆ ತಾಸು ಅವರು ನಿಂತೇ ಕೆಲಸ ಮಾಡುತ್ತಿದ್ದರು. ರುಮಾಲಿನ ಎದುರಿಗೆ ನಿಂತು ಸ್ಟಾಂಪು ಎಣಿಸುತ್ತಿದ್ದ ಆ ಸಜ್ಜನರನ್ನು ನೆನೆದರೆ ಈಗಲೂ ನನ್ನ ತಲೆ ಬಾಗುತ್ತದೆ.

ಹುಕುಮು ಬಂದದ್ದು ಒಂದು ಶನಿವಾರ, ಸಂಜೆಯ ಚೀಲ ರೈಲಿಗೆ ಹೋದ ಮೇಲೆ. ಕಾಕಾನಿಗೆ ಎರಡು ಸಲ ಓದಿ ಹೇಳಿದೆ. "ಕಾಯಂ ಅಂದ್ರ ರಜಾ ಸಿಗ್ತದ ಹೌದಿಲ್ರಿ?" ಎಂದು ಕೇಳಿದ. ಸಿಗುತ್ತದೆ, ವೈದ್ಯನ ಚೀಟಿ ಇಲ್ಲದೆಯೂ ಹತ್ತು ದಿನ ಪೋಸ್ಟ್‌ಮಾಸ್ತರರೇ ಕೊಡಬಹುದು ಎಂದೆ. "ಹಂಗಾರ ಹತ್ತು ದಿವಸ ಬರೀರಿ."

ಕಾಗದ ತೆಗೆದುಕೊಂಡು, ಕಾರಣದ ಜಾಗದಲ್ಲಿ ಜ್ವರ ಎಂದು ಬರೆಯತೊಡಗಿದೆ. ಈ ಅರ್ಜಿಯ ಒಂದು ಪ್ರತಿ ಇನ್‌ಸ್ಪೆಕ್ಟರ್ ಸಾಹೇಬರಿಗೂ ಹೋಗುತ್ತದೆ, ಹಿಮ್ಮಡಿಯ ಮಾತು ಈಗ ಬೇಡ ಎಂದು ಮೆಲ್ಲಗೆ ಹೇಳಿದೆ.

"ಅವರಿಗಿ ಹೋಗ್ತದ, ಅದಕ್ಕೇ ಹೇಳ್ತೀನಿ" ಎಂದ ಕಾಕಾ. "ಹಿಂಬಡ ಅಂತ ಬರೀರಿ. ಮೂರು ತಿಂಗಳಾತು ಅಂತನೂ ಬರೀರಿ. ಅಂದು ಜೋಮು ಅಲ್ಲ, ಇದೇ ಇತ್ತು ಅಂತ ಕಡೀಕ ಒಂದು ಸಾಲು ಹಾಕ್ರಿ."

"ಹುಕುಮು ಹಿಂದಕ್ಕ ತಗೊಂಡ್ರ?"

"ತಗೊಳ್ಳಲಿ. ಕೇಳ್ಯಾರ, ಹೇಳಬೇಕಲ್ರಿ. ತಡ ಆಗ್ಯಾದ, ಬರಂಗೇ ಇಲ್ಲ ಅನ್ನೋದಕಿಂತ ತಡ ಆದ ಟಪ್ಪಾ ಚಲೋ."

ಬರೆದೆ. ಅವನು ಹೆಬ್ಬೆಟ್ಟು ಒತ್ತಿದ, ಪೋಸ್ಟ್‌ಮಾಸ್ತರರು ಸಹಿ ಮಾಡಿದರು. ಸಾಹೇಬರಿಂದ ಒಂದು ಮಾತೂ ಬರಲಿಲ್ಲ, ಹುಕುಮೂ ಹಿಂದಕ್ಕೆ ಹೋಗಲಿಲ್ಲ. ಆದರೆ ಅದೆಲ್ಲ ನಮಗೆ ಗೊತ್ತಾದದ್ದು ಆಮೇಲೆ. ಆ ಸಂಜೆ ಕಾಕಾ ಗೆಜ್ಜೆಯ ಬಡಿಗೆಯನ್ನು ಮೂಲೆಗಿಟ್ಟು, ಕಟ್ಟೆ ಇಳಿದು, ಬಜಾರಿನ ಕಡೆ ಹೊರಟ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವಸರವಿಲ್ಲದೆ, ಎಡಗಾಲನ್ನು ಬೇಕಾದಷ್ಟು ಎಳೆಯುತ್ತ, ಬೀದಿಯ ನಟ್ಟನಡುವೆ ಕುಂಟುತ್ತ ಹೋಗುತ್ತಿದ್ದ. ಬಟ್ಟೆ ಅಂಗಡಿಯವನು ಮಾಪು ಕೋಲು ಕೆಳಗಿಟ್ಟು ಗಾಬರಿಯಿಂದ ಕೂಗಿದ:

"ಏನ್ ಕಾಕಾ, ಯಾಕ ಕುಂಟಾಕತ್ತಿ?"

ಕಾಕಾ ನಿಂತು, ಊರೆಲ್ಲ ಕೇಳುವ ಹಾಗೆ ಹೇಳಿದ:

"ನೌಕರಿ ಕಾಯಂ ಆತಪಾ."